ಹೊಗೆಯಮ್ಮನ ಬಿಳಿ ಸೌಟು

ಇಪ್ಪತ್ತಮೂರು ವರ್ಷ ಅವಳು ಬೀದಿಬೀದಿಗೆ ಸೊಳ್ಳೆ ಕೊಲ್ಲುವ ಹೊಗೆ ಹಾಕಿದ್ದಳು. ಸಂಜೆ ಐದರ ಹೊತ್ತಿಗೆ ನಗರಪಾಲಿಕೆಯ ಸಣ್ಣ ಗಾಡಿಯಿಂದ ಇಳಿದು, ಯಂತ್ರವನ್ನು ಹೆಗಲಿಗೇರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಟಳೆಂದರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಿಳಿ ಮೋಡ. ಜನ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು, ಮಕ್ಕಳು ಕೇಕೆ ಹಾಕುತ್ತ ಹಿಂದೆ ಓಡುತ್ತಿದ್ದರು. ಆ ಯಂತ್ರ ಹೊತ್ತ ಹೆಂಗಸು ಇಡೀ ಊರಿಗೆ ಅವಳೊಬ್ಬಳೇ. ಹಾಗಾಗಿ ಹೆಸರು ತಾನಾಗಿಯೇ ಅಂಟಿಕೊಂಡಿತು: ಹೊಗೆಯಮ್ಮ. ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅವಳ ನಿಜವಾದ ಹೆಸರು ಎಲ್ಲೂ ಉಳಿದಿರಲಿಲ್ಲ.

ಮಾಡುವ ಕೆಲಸದ ಬಗ್ಗೆ ಅವಳಿಗೆ ಅನುಮಾನ ಹುಟ್ಟಿದ್ದು ಒಂದು ಬೆಳಿಗ್ಗೆ. ಹಿಂದಿನ ಸಂಜೆ ಹೊಗೆ ಹಾಕಿದ್ದ ಹೊಂಡವೊಂದರ ದಡದಲ್ಲಿ ಯಂತ್ರದ ಮುಚ್ಚಳ ಬಿಟ್ಟುಬಂದಿದ್ದಳು. ಹುಡುಕಲು ಹೋದರೆ ಕಾಲಿಟ್ಟಲ್ಲೆಲ್ಲ ಏರೋಪ್ಲೇನ್ ಚಿಟ್ಟೆಗಳು ಬಿದ್ದಿದ್ದವು. ಗುಡಿಸಿದ್ದರೆ ಒಂದು ಬುಟ್ಟಿ ತುಂಬುತ್ತಿತ್ತು. ಸೊಳ್ಳೆ ಹಾರುವಾಗಲೇ ಹಿಡಿದು ತಿನ್ನುವ ಹುಳ ಅದು ಎಂಬುದು ಆಗ ಅವಳಿಗೆ ಗೊತ್ತಿರಲಿಲ್ಲ. ಹತ್ತೇ ದಿನದಲ್ಲಿ ಅಲ್ಲಿ ಸೊಳ್ಳೆ ಮೊದಲಿಗಿಂತ ಹೆಚ್ಚಾಯಿತು, ಚಿಟ್ಟೆ ಮಾತ್ರ ಮರಳಿ ಬರಲಿಲ್ಲ. ಇದೇನು ಹೀಗೆ ಎಂದು ಅವಳು ಇಲಾಖೆಯ ಕೀಟತಜ್ಞೆಯನ್ನು ಕೇಳಿದಳು. ಆಕೆ ಸೂಕ್ಷ್ಮದರ್ಶಕದ ಮುಂದೆ ಕುರ್ಚಿ ಎಳೆದು, "ಬನ್ನಿ, ನೀವೇ ನೋಡಿ" ಎಂದರು. ಅಲ್ಲಿಂದ ನಾಲ್ಕು ವರ್ಷ ಹೊಗೆಯಮ್ಮನ ಊಟದ ವಿರಾಮವೆಲ್ಲ ಆ ಕುರ್ಚಿಯಲ್ಲೇ ಕಳೆಯಿತು. ಹೊಸ ಆರೋಗ್ಯಾಧಿಕಾರಿ ಬಂದಾಗ ಕೀಟತಜ್ಞೆ ಮಾಡಿದ ಶಿಫಾರಸು ಒಂದೇ: ಈಕೆಯ ಹೆಗಲಿಂದ ಯಂತ್ರ ಇಳಿಸಿ, ಜನರ ಜೊತೆ ಮಾತಾಡಲು ಬಿಡಿ.

ಹಾಗೆ ಐವತ್ತೊಂದನೆಯ ವಯಸ್ಸಿನಲ್ಲಿ ಅವಳ ಕೈಗೆ ಉದ್ದ ಹಿಡಿಯ ಒಂದು ಬಿಳಿ ಸೌಟು, ಒಂದು ಟಾರ್ಚು ಮತ್ತು ಒಂದು ಚೀಲ ಗಾಜಿನ ಜಾಡಿಗಳು ಬಂದವು. ಸೌಟು ಬಿಳಿಯಾಗಿರುವುದು ನೀರಿನಲ್ಲಿರುವ ಸೊಳ್ಳೆಮರಿ ಎದ್ದು ಕಾಣಲಿ ಎಂದು. ವಾರಕ್ಕೊಂದು ಬೀದಿ. ಜನರನ್ನು ಕರೆದುಕೊಂಡು ಅವರದೇ ಮನೆ, ಅವರದೇ ಚರಂಡಿ, ಅವರದೇ ತಾರಸಿ ತೋರಿಸುವುದು ಅವಳ ಹೊಸ ಕೆಲಸ.

ಅಕ್ಕನ ಫೋನು ಬಂದದ್ದು ಈ ಕೆಲಸ ಹಿಡಿದು ಏಳು ತಿಂಗಳಾದ ಮೇಲೆ.

"ನಿನ್ನ ಮಷೀನು ತಗೊಂಡು ಬಾರೇ," ಎಂದಳು ಅಕ್ಕ. "ಮಗು ಇವತ್ತು ಆಸ್ಪತ್ರೆಯಿಂದ ಮನೆಗೆ ಬಂತು."

ಮಗು ಎಂದರೆ ಅಕ್ಕನ ಏಳು ವರ್ಷದ ಮೊಮ್ಮಗಳು. ಡೆಂಗಿ ಜ್ವರದಲ್ಲಿ ಒಂಬತ್ತು ದಿನ ಮಲಗಿದ್ದಳು. ಅದರಲ್ಲಿ ಎರಡು ದಿನ ಯಾರೂ ಸರಿಯಾಗಿ ಉಸಿರಾಡಿರಲಿಲ್ಲ.

"ಮಷೀನು ಈಗ ನನ್ನ ಹತ್ರ ಇಲ್ಲ ಅಕ್ಕ. ನಾನೇ ಬರ್ತೀನಿ."

"ನೀನು ಬಂದು ಏನು ಮಾಡ್ತೀಯ, ಸೊಳ್ಳೆಗೆ ಬುದ್ಧಿವಾದ ಹೇಳ್ತೀಯಾ?"

ಅಕ್ಕ ಇದ್ದದ್ದು ನಾಲ್ಕು ಕಟ್ಟಡಗಳ ಒಂದು ವಸತಿ ಸಮುಚ್ಚಯದಲ್ಲಿ. ನೂರಾ ಅರವತ್ತು ಮನೆ. ಹಿಂಬದಿಯ ಗೋಡೆ ದಾಟಿದರೆ ಒಂದು ಹೊಂಡ. ಕಟ್ಟಡಗಳು ಏಳುವುದಕ್ಕೆ ಎಷ್ಟೋ ಮೊದಲಿನಿಂದ ಅದು ಅಲ್ಲಿತ್ತು. ಸುತ್ತ ಜೊಂಡು, ನಡುವೆ ಕಪ್ಪು ನೀರು, ಒಂದು ಬದಿಗೆ ಯಾರೋ ಸುರಿದ ಇಟ್ಟಿಗೆ ಚೂರುಗಳ ರಾಶಿ. ಮಗುವಿಗೆ ಜ್ವರ ಬಂದ ವಾರವೇ ನಿವಾಸಿಗಳ ಸಂಘ ಒಂದು ಅರ್ಜಿ ತಯಾರಿಸಿತ್ತು: ಹೊಂಡ ಮುಚ್ಚಿಸಿ, ಮೇಲೆ ಕಾರು ನಿಲ್ಲಿಸಲು ಜಾಗ ಮಾಡಿಕೊಡಿ. ಅರ್ಜಿ ಬರೆದದ್ದು ಭಾವ. ಮೊದಲ ಸಹಿಯೂ ಅವರದೇ.

ಭಾವ ಮೂವತ್ತೈದು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವರು. ಅವರ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಅಚ್ಚಿಗೆ ಹೋದದ್ದಿಲ್ಲ ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ಈಗಲೂ ಅಂಗಡಿಯ ರಸೀದಿ ಕೈಗೆ ಬಂದರೆ ಪೆನ್ನು ತೆಗೆಯುವ ಅಭ್ಯಾಸ. ನಿವೃತ್ತಿಯ ಮೇಲೆ ಅವರಿಗೆ ಹತ್ತಿದ ಒಂದೇ ಗೀಳು ಗಿಡ. ಮಣ್ಣಿನ ಗಿಡವಲ್ಲ, ನೀರಿನಲ್ಲಿ ಬೇರು ಬಿಡುವ ಬಳ್ಳಿಗಳು. ಬಾಲ್ಕನಿಯ ಕಟ್ಟೆಯುದ್ದಕ್ಕೂ ಬಾಟಲಿಗಳು, ಬಾಟಲಿಗಳಲ್ಲಿ ಬಳ್ಳಿಗಳು.

ಹೊಗೆಯಮ್ಮ ಬಂದವಳೇ ಮಗುವಿನ ಹಣೆ ಮುಟ್ಟಿ ನೋಡಿ, ಅದರ ಪಕ್ಕ ಕೂತಳು.

"ಇವಳಿಗೆ ಸೊಳ್ಳೆ ಕಚ್ಚಿದ್ದು ಯಾವ ಹೊತ್ತಲ್ಲಿ, ನೆನಪಿದೆಯಾ ಅಕ್ಕ?"

"ಮಧ್ಯಾಹ್ನ. ಸ್ಕೂಲಿಂದ ಬಂದು ಬಾಲ್ಕನಿಯಲ್ಲಿ ಚಿತ್ರ ಬರೀತಾ ಕೂತಿರ್ತಾಳೆ. ಕಾಲು ಕೆರ್ಕೊಂಡು ಕೆರ್ಕೊಂಡು ಗುಳ್ಳೆ ಮಾಡ್ಕೊಂಡಿದ್ಲು."

ಹಗಲು ಕಚ್ಚುವ ಸೊಳ್ಳೆ. ಹೊಗೆಯಮ್ಮ ಎದ್ದು ಬಾಲ್ಕನಿಗೆ ಹೋದಳು. ಟಾರ್ಚು ಹಚ್ಚಿ ಮೊದಲ ಬಾಟಲಿಗೆ ಹಿಡಿದಳು, ಎರಡನೆಯದಕ್ಕೆ ಹಿಡಿದಳು. ಮೂರನೆಯದರಲ್ಲಿ ಬೇರುಗಳ ನಡುವೆ ಸಣ್ಣ ಕಡ್ಡಿಗಳಂಥವು ತಲೆ ಕೆಳಗಾಗಿ ನೇತಾಡುತ್ತಿದ್ದವು. ಬೆಳಕು ಬಿದ್ದೊಡನೆ ಕೊಂಕುತ್ತ ತಳಕ್ಕೆ ಇಳಿದವು. ಮೂವತ್ತೊಂದು ಬಾಟಲಿಗಳಲ್ಲಿ ಹದಿನೇಳರಲ್ಲಿ ಅದೇ ಕಥೆ.

"ಭಾವ, ಈ ನೀರು ಬದಲಾಯಿಸೋದು ಯಾವಾಗ?"

"ಹದಿನೈದು ದಿನಕ್ಕೊಮ್ಮೆ, ತಪ್ಪದೆ," ಎಂದರು ಭಾವ ಹೆಮ್ಮೆಯಿಂದ. "ಒಂದು ತೊಟ್ಟೂ ಹಾಳು ಮಾಡಲ್ಲ. ಈ ನೀರನ್ನ ನಿನ್ನಕ್ಕನ ತುಳಸಿ ಕುಂಡದ ತಟ್ಟೆಗೆ ಹಾಕ್ತೀನಿ."

"ಮರಿ ಸೊಳ್ಳೆ ಆಗೋಕೆ ಎಂಟು ಹತ್ತು ದಿನ ಸಾಕು ಭಾವ. ಉಳಿದವು ತಟ್ಟೆಯಲ್ಲಿ ದೊಡ್ಡವಾಗ್ತವೆ. ಇವು ಸೊಳ್ಳೆಮರಿ."

ಭಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಅವರ ಕಿವಿ ಕೆಂಪಾಯಿತು. ಬಾಟಲಿಯನ್ನು ಕಟ್ಟೆಯ ಒಳಗೆ ಸರಿಸಿದರು. ಆಮೇಲೆ ತಿರುಗಿ, "ಇರಬಹುದು. ಆದ್ರೆ ಇವುಗಳ ತಾಯಿ ಎಲ್ಲಿಂದ ಬಂದ್ಲು? ಹೊಂಡದಿಂದ. ಹೊಂಡ ಇಲ್ಲದಿದ್ರೆ ಅವಳೂ ಇಲ್ಲ, ಇವೂ ಇಲ್ಲ. ಅರ್ಜಿಯಲ್ಲಿ ತಪ್ಪೇನಿದೆ?" ಎಂದರು.

"ಈ ಜಾತಿಯವಳು ಹೊಂಡದವಳಲ್ಲ ಭಾವ, ಮನೆಯವಳು. ನಿಮ್ಮ ಹಾಗೇ, ಮನೆ ಬಿಟ್ಟು ದೂರ ಹೋಗೋಳಲ್ಲ. ಪಾತ್ರೆ, ಬಾಟಲಿಗಳ ಅಂಚಿಗೆ ಮೊಟ್ಟೆ ಅಂಟಿಸ್ತಾಳೆ."

"ಅದು ನಿನ್ನ ಇಲಾಖೆಯ ಮಾತು," ಎಂದು ಭಾವ ಒಳಗೆ ಹೋದರು.

ಆ ಮಧ್ಯಾಹ್ನ ಅಕ್ಕತಂಗಿಯರಿಬ್ಬರೂ ಸೇರಿ ಮೂವತ್ತೊಂದು ಬಾಟಲಿಗಳ, ಕುಂಡದ ತಟ್ಟೆಯ ನೀರು ಚೆಲ್ಲಿ, ಒಳಗೋಡೆಗೆ ಅಂಟಿದ ಮೊಟ್ಟೆ ಹೋಗುವ ಹಾಗೆ ಬ್ರಷ್ ಹಾಕಿ ಉಜ್ಜಿದರು. ಒಂದು ಬಾಟಲಿಯ ನೀರನ್ನು ಮಾತ್ರ ಹೊಗೆಯಮ್ಮ ಮರಿಗಳ ಸಮೇತ ತನ್ನ ಗಾಜಿನ ಜಾಡಿಗೆ ಸುರಿದುಕೊಂಡು, ಬಾಯಿಗೆ ತೆಳು ಬಟ್ಟೆ ಬಿಗಿದಳು. ಅಕ್ಕ ಬ್ರಷ್ ಕೆಳಗಿಟ್ಟು ದನಿ ತಗ್ಗಿಸಿದಳು.

"ಇದನ್ನ ಯಾರಿಗೂ ಹೇಳ್ಬೇಡ ಕಣೇ. ಮೊಮ್ಮಗಳಿಗೆ ತಾತನ ಗಿಡದಿಂದಲೇ ಜ್ವರ ಬಂತು ಅಂತ ಇಡೀ ಕಟ್ಟಡ ಆಡ್ಕೊಂಡ್ರೆ ಇವರು ಮತ್ತೆ ತಲೆ ಎತ್ತಲ್ಲ."

"ಹೇಳಲ್ಲ ಅಕ್ಕ. ಆದ್ರೆ ಹೊಂಡ ಮುಚ್ಚೋಕೂ ಬಿಡಲ್ಲ."

ಸಂಘದ ಅಧ್ಯಕ್ಷರು ಬಸ್ ಡಿಪೊದ ನಿವೃತ್ತ ಮ್ಯಾನೇಜರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು. ಹೊಗೆಯಮ್ಮ ಅವರ ಮುಂದೆ ಹೋಗಿ ಕೂತು, ಅರ್ಜಿಯನ್ನು ಎರಡು ಭಾನುವಾರ ತಡೆದುಕೊಳ್ಳಿ ಎಂದು ಕೇಳಿದಳು.

"ಮುಂದಿನ ಭಾನುವಾರದ ನಂತರದ ಭಾನುವಾರ ವಾರ್ಡ್ ಎಂಜಿನಿಯರ್ ಸ್ಥಳ ನೋಡೋಕೆ ಬರ್ತಾರೆ. ಅಲ್ಲೀತನಕ ನೀವು ಏನು ಬೇಕಾದ್ರೂ ತೋರ್ಸಿ," ಎಂದರು ಅಧ್ಯಕ್ಷರು. "ಬಸ್ ಹೊರಡೋ ಟೈಮಿಗೆ ಮಾತ್ರ ಹೊರಡುತ್ತೆ."

ಎರಡು ದಿನದಲ್ಲಿ ಅವಳು ನಲವತ್ತು ಮನೆ ಹೊಕ್ಕು ಬಂದಳು. ಫ್ರಿಜ್ಜಿನ ಹಿಂದಿನ ತಟ್ಟೆ, ಮೂಲೆಯಲ್ಲಿ ಮರೆತ ಬಕೆಟ್ಟು, ತಾರಸಿಯ ಮೇಲೆ ನೀರು ತುಂಬಿಕೊಂಡು ಬಿದ್ದ ಆಟದ ದೋಣಿ, ಲಿಫ್ಟಿನ ಗುಂಡಿ. ಹನ್ನೊಂದು ಮನೆಗಳಲ್ಲಿ ಮರಿ ಸಿಕ್ಕಿತು. ಆ ಮನೆಗಳ ಪ್ರತಿಯೊಬ್ಬರೂ ಹೇಳಿದ್ದು ಒಂದೇ ಮಾತು: "ಅಯ್ಯೋ, ಇದೊಂದು ಸಲ ಹೇಗೋ ಆಗಿದೆ. ಪಕ್ಕದ ಮನೆಯವರಿಗೆ ಹೇಳ್ಬೇಡಿ."

ಮೊದಲ ಭಾನುವಾರ ಬೆಳಿಗ್ಗೆ ಹೊಂಡದ ದಡದಲ್ಲಿ ಐವತ್ತು ಜನ ಸೇರಿದ್ದರು. ಭಾವ ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದರು.

"ಈ ನಾಲ್ಕು ಕಟ್ಟಡದಲ್ಲಿ ಎಷ್ಟು ಜನ ಇದ್ದೀರಿ?" ಎಂದು ಹೊಗೆಯಮ್ಮ ಶುರು ಮಾಡಿದಳು.

"ಆರುನೂರ ಹನ್ನೆರಡು," ಎಂದರು ಅಧ್ಯಕ್ಷರು, ಪಟ್ಟಿ ನೋಡದೆಯೇ.

"ಲೆಕ್ಕ ಕಡಿಮೆಯಾಯ್ತು ಸರ್. ತಾರಸಿಯ ನೀರಿನ ಟ್ಯಾಂಕಿನ ಕೆಳಗೆ ಇನ್ನೂರು ಬಾವಲಿ ಇದಾವೆ, ನಿನ್ನೆ ಎಣಿಸಿ ಬಂದೆ. ಪ್ರತಿ ಮನೆಯ ಟ್ಯೂಬ್‌ಲೈಟ್ ಹಿಂದೆ ಒಂದೊಂದು ಹಲ್ಲಿ. ಈ ಜೊಂಡಲ್ಲಿ ಕಪ್ಪೆ. ನೀರಲ್ಲಿ ಮೀನು. ಇವರ್ಯಾರೂ ನಿಮ್ಮ ಸಂಘದ ಸಭೆಗೆ ಬರಲ್ಲ, ಆದ್ರೆ ದಿನಾ ಕೆಲಸ ಮಾಡ್ತಾರೆ. ಒಂದು ಊರು ಅಂದ್ರೆ ಬರೀ ಸಿಮೆಂಟು, ನಾವು ಅಷ್ಟೇ ಅಲ್ಲ. ಯಾರು ಯಾರನ್ನ ತಿಂತಾರೆ, ಯಾರ ಕೊಳಕು ಯಾರ ಊಟ, ಯಾರ ನೀರು ಎಲ್ಲಿಗೆ ಹೋಗುತ್ತೆ, ಅದೆಲ್ಲ ಸೇರಿ ಊರು. ಕಾಡು ಹೇಗೋ ಹಾಗೆ."

"ಕಾಡಲ್ಲಿ ಪಾರ್ಕಿಂಗ್ ತೊಂದರೆ ಇಲ್ಲ ಬಿಡಿ," ಎಂದ ಯಾರೋ. ಎಲ್ಲರೂ ನಕ್ಕರು, ಹೊಗೆಯಮ್ಮನೂ ನಕ್ಕಳು.

ಅವಳು ಬಗ್ಗಿ ಸೌಟಿನಲ್ಲಿ ನೀರು ಮೊಗೆದು ಮುಂದೆ ಹಿಡಿದಳು. ಎರಡು ಸಣ್ಣ ಮೀನು, ಜೊತೆಗೆ ಕಾಲು ಚಾಚಿಕೊಂಡ ಒಂದು ಕಂದು ಹುಳ. "ಇದು ಏರೋಪ್ಲೇನ್ ಚಿಟ್ಟೆಯ ಮರಿ. ರೆಕ್ಕೆ ಬರೋ ಮೊದಲು ನೀರಲ್ಲೇ ಇರುತ್ತೆ. ದಿನಕ್ಕೆ ಡಜನ್‌ಗಟ್ಟಲೆ ಸೊಳ್ಳೆಮರಿ ತಿನ್ನುತ್ತೆ." ಇನ್ನೆರಡು ಕಡೆ ಮೊಗೆದಳು. ಒಂದೇ ಒಂದು ಸೊಳ್ಳೆಮರಿ ಇಲ್ಲ. ಜನ ಹತ್ತಿರ ಹತ್ತಿರ ಸರಿದರು. ಎರಡನೆಯ ಕಟ್ಟಡದ ದಂತವೈದ್ಯೆ ತಮ್ಮ ಕನ್ನಡಕವನ್ನೇ ಸೌಟಿನೊಳಗೆ ಬೀಳಿಸುವಷ್ಟು ಬಗ್ಗಿದರು.

"ಆ ಮೂಲೆಯಲ್ಲಿ ತೆಗೀರಿ," ಎಂದರು ಅಧ್ಯಕ್ಷರು, ಇಟ್ಟಿಗೆ ರಾಶಿಯ ಆಚೆ ಕೈ ತೋರಿಸಿ.

ಹೊಗೆಯಮ್ಮ ಹಿಂಜರಿಯಲಿಲ್ಲ. ರಾಶಿ ಹತ್ತಿ ಇಳಿದು ಮೊಗೆದಳು. ಮೇಲೆತ್ತಿದಾಗ ಬಿಳಿ ಸೌಟು ಕಪ್ಪಾಗಿತ್ತು. ನೂರಾರು ಮರಿಗಳು ಮಿಜಿಗುಡುತ್ತಿದ್ದವು. ಮೀನೂ ಇಲ್ಲ, ಚಿಟ್ಟೆಮರಿಯೂ ಇಲ್ಲ.

ಐವತ್ತು ಜನರೂ ಕತ್ತು ಚಾಚಿ ಸೌಟಿನೊಳಗೆ ನೋಡಿದರು. ಆಮೇಲೆ ನಗು ಶುರುವಾಯಿತು.

"ನಿಮ್ಮ ನೌಕರರು ಇವತ್ತು ರಜಾ ಅನ್ನಿಸುತ್ತೆ," ಎಂದರು ಅಧ್ಯಕ್ಷರು. ಆಮೇಲೆ ನಗು ಬಿಟ್ಟು ಕೇಳಿದರು, "ನೋಡಿ, ತಮಾಷೆ ಸಾಕು. ಹೊಂಡದಿಂದ ಅಲ್ಲ ಅಂದ್ರೆ ಇವರ ಮನೆ ಮಗುವಿಗೆ ಜ್ವರ ಎಲ್ಲಿಂದ ಬಂತು?"

"ಮನೆಗಳ ಒಳಗಿಂದ ಸರ್. ನಲವತ್ತು ಮನೆ ನೋಡಿದೆ, ಹನ್ನೊಂದರಲ್ಲಿ ಸಿಕ್ತು."

"ಯಾರ ಮನೆ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ಮನೆಯವರಲ್ಲಿ ಆರು ಮಂದಿ ಅಲ್ಲೇ ನಿಂತಿದ್ದರು. ಆರೂ ಮಂದಿ ಅಕ್ಕಪಕ್ಕದವರನ್ನು ಅನುಮಾನದಿಂದ ನೋಡುತ್ತಿದ್ದರು. ಭಾವ ನೆಲ ನೋಡುತ್ತಿದ್ದರು. ಹೊಗೆಯಮ್ಮನ ಚೀಲದಲ್ಲಿ ಆ ಜಾಡಿ ಇತ್ತು. ತೆಗೆದು ತೋರಿಸಿದ್ದರೆ ವಾದ ಅಲ್ಲಿಗೆ ಮುಗಿಯುತ್ತಿತ್ತು.

"ಅದನ್ನ ಹೇಳೋ ಹಾಗಿಲ್ಲ," ಎಂದಳು. "ಈ ಮೂಲೆಯಲ್ಲಿ ಯಾಕೆ ಹೀಗಾಗಿದೆ ಅನ್ನೋದು ನನಗೂ ಗೊತ್ತಿಲ್ಲ. ಒಂದು ವಾರ ಕೊಡಿ, ತಿಳ್ಕೊಂಡು ಬರ್ತೀನಿ."

ಗೊತ್ತಿಲ್ಲ ಎಂದದ್ದಕ್ಕೆ ಅವಳಿಗೆ ನಾಚಿಕೆಯಾಗಲಿಲ್ಲ. ಹೊಗೆ ಹಾಕುವ ಕಾಲದಲ್ಲಿ ಎಲ್ಲ ಗೊತ್ತಿದೆ ಎಂದುಕೊಂಡು ನಡೆದದ್ದಕ್ಕೇ ಅವಳಿಗೆ ನಾಚಿಕೆಯಿದ್ದದ್ದು. ಮೂಲೆಯ ನೀರನ್ನು ಇನ್ನೊಂದು ಜಾಡಿಗೆ ತುಂಬಿ, ಬಟ್ಟೆ ಬಿಗಿದು, ಸೀದಾ ಭಾವನ ಮನೆಗೆ ಹೋಗಿ ಎರಡೂ ಜಾಡಿಗಳನ್ನು ಅವರ ಮೇಜಿನ ಮೇಲೆ ಇಟ್ಟಳು.

"ಇದು ನಿಮ್ಮ ಬಾಟಲಿದು, ಇದು ಹೊಂಡದ ಮೂಲೆದು. ನನ್ನ ಮಾತು ನಂಬಬೇಡಿ ಭಾವ. ನಿಮ್ಮ ಭೂತಗನ್ನಡಿ ಇದೆಯಲ್ಲ, ಎರಡೂ ಒಂದೇನಾ ನೋಡಿ."

"ಮನೆಗೆ ಸೊಳ್ಳೆ ತಂದು ಸಾಕು ಅಂತೀಯಲ್ಲೇ, ನಿನಗೇನು ತಲೆ ಕೆಟ್ಟಿದೆಯಾ?" ಎಂದಳು ಅಕ್ಕ.

"ಬಟ್ಟೆ ಬಿಚ್ಚದಿದ್ರೆ ಸಾಕು ಅಕ್ಕ. ಜೈಲಿನಲ್ಲಿರೋ ಕಳ್ಳ ಯಾರ ಮನೆಗೂ ಬರಲ್ಲ."

ಸೋಮವಾರ ಬೆಳಿಗ್ಗೆ ಅವಳು ಹೊಂಡದ ಮೂಲೆಯಲ್ಲಿ ಒಂದು ಕಲ್ಲಿನ ಮೇಲೆ ಕೂತಳು. ಕೂತು ನೋಡುವುದು ಅವಳು ತಡವಾಗಿ ಕಲಿತ ವಿದ್ಯೆ. ಹತ್ತೂವರೆಗೆ ಗೋಡೆಯ ಬುಡದ ಮಳೆನೀರಿನ ಕೊಳವೆಯಿಂದ ಸಣ್ಣಗೆ ನೀರು ಬರತೊಡಗಿತು. ಮಳೆ ಬಂದು ಹದಿನೈದು ದಿನವಾಗಿತ್ತು. ನೀರು ಬೆಚ್ಚಗಿತ್ತು, ಮೇಲೆ ತೆಳುವಾದ ನೊರೆ. ಮೂಸಿದಳು: ಸೋಪು. ನೊರೆ ಇಟ್ಟಿಗೆ ರಾಶಿಯವರೆಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ರಾಶಿ ಆ ಮೂಲೆಯನ್ನು ಹೊಂಡದಿಂದ ಬೇರೆ ಮಾಡಿ ಒಂದು ತೊಟ್ಟಿಯ ಹಾಗೆ ಮಾಡಿಬಿಟ್ಟಿತ್ತು. ಸೋಪಿನ ನೀರಲ್ಲಿ ಮೀನು ಬದುಕದು, ಚಿಟ್ಟೆಮರಿ ಬದುಕದು. ಕೊಳಚೆಯಲ್ಲಿ ಸುಖವಾಗಿರುವ ಸೊಳ್ಳೆಗೆ ಮಾತ್ರ ಅದು ತವರುಮನೆ.

ಕೊಳವೆಯ ಜಾಡು ಹಿಡಿದು ಹೋದರೆ ಅದು ಮೂರನೆಯ ಕಟ್ಟಡದ ನೆಲಮಾಳಿಗೆಯ ಲಾಂಡ್ರಿಗೆ ಮುಟ್ಟಿತು. ನಾಲ್ಕು ಯಂತ್ರ ತಿರುಗುತ್ತಿದ್ದವು. ಲಾಂಡ್ರಿಯವನು ಒಂದು ಹಾಸಿಗೆ ಹೊದಿಕೆಯನ್ನು ಹೆಂಡತಿಯ ಜೊತೆ ಎರಡೂ ತುದಿ ಹಿಡಿದು ಮಡಿಸುತ್ತಿದ್ದ. ಅವಳ ಪ್ರಶ್ನೆ ಕೇಳಿ ಮಡಿಸುವುದನ್ನು ನಿಲ್ಲಿಸಿದ.

"ಅಮ್ಮಾ, ಅಂಗಡಿ ಮುಚ್ಚಿಸ್ತೀರಾ?"

"ಅಂಗಡಿ ಮುಚ್ಚಿಸೋಕೆ ಬಂದಿಲ್ಲ ಅಣ್ಣ. ಈ ನೀರು ಮಳೆ ಕೊಳವೆಗೆ ಯಾಕೆ ಹೋಗ್ತಿದೆ, ಅಷ್ಟು ಹೇಳಿ."

"ನಾನು ಒಳಚರಂಡಿಗೆ ಸೇರಿಸ್ಕೊಡಿ ಅಂತ ಕೇಳಿದ್ದೆ. ಅದಕ್ಕೆ ಅಂಗಳ ಅಗೀಬೇಕಂತೆ. ಸದ್ಯಕ್ಕೆ ಇದಕ್ಕೇ ಬಿಡು ಅಂದ್ರು ಅಧ್ಯಕ್ಷರು. ಆ ಸದ್ಯಕ್ಕೆ ಎಂಟು ತಿಂಗಳಾಯ್ತು."

ಅಧ್ಯಕ್ಷರು ಈ ಮಾತನ್ನು ಮೊದಲು ಒಪ್ಪಲಿಲ್ಲ. ಅವಳು ಅವರನ್ನು ಕೊಳವೆಯ ಬಾಯಿಗೆ ಕರೆತಂದು ನಿಲ್ಲಿಸಿದಳು. ಹತ್ತೂವರೆಗೆ ನೊರೆ ಬಂತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು.

"ಒಂದು ಪೈಪು ತಪ್ಪಿಗೆ ಇಷ್ಟೆಲ್ಲ ಆಗುತ್ತಾ?"

"ಡಿಪೊದಲ್ಲಿ ಬೆಳಿಗ್ಗೆಯ ಮೊದಲ ಬಸ್ಸು ಕೆಟ್ಟು ನಿಂತ್ರೆ ಏನಾಗುತ್ತೆ ಸರ್?"

ಅಧ್ಯಕ್ಷರು ಮೀಸೆಯ ತುದಿ ತಿರುವಿದರು. "ಅದರ ಹಿಂದಿನದಕ್ಕೆ ರಶ್ಶು. ಅದೂ ಲೇಟು. ಡ್ರೈವರ್ ಡ್ಯೂಟಿ ಮುಗಿಯೋದು ಲೇಟು, ಸಂಜೆ ಶಿಫ್ಟಿಗೆ ಜನ ಇಲ್ಲ. ರಾತ್ರಿ ಕೊನೆ ಬಸ್ಸಿಗೆ ಕಾಯ್ತಿದ್ದವನು ನನಗೆ ಫೋನ್ ಮಾಡಿ ಬೈತಾನೆ. ಬೆಳಿಗ್ಗೆಯ ಬಸ್ಸಿನ ವಿಷಯ ಅವನಿಗೆ ಗೊತ್ತೇ ಇರಲ್ಲ." ಇಷ್ಟು ಹೇಳಿ ತಟ್ಟನೆ ನಿಲ್ಲಿಸಿದರು. ನೊರೆಯನ್ನೇ ನೋಡುತ್ತ, "ನಾವು ಕೊನೆ ಬಸ್ಸಿಗೆ ಕಾಯ್ತಿರೋರು ಅಂತೀರಾ," ಎಂದರು.

"ಕೊನೆ ಬಸ್ಸನ್ನೇ ರದ್ದು ಮಾಡಿ ಅಂತ ಅರ್ಜಿ ಬರ್ದಿರೋರು. ನೆಗಡಿ ಆಯ್ತು ಅಂತ ಮೂಗು ಕೊಯ್ಕೊಂಡ್ರಂತೆ, ಹಾಗೆ."

ಅವರು ನಗಲಿಲ್ಲ. ಆದರೆ ಮಾರನೆಯ ದಿನ ಅಂಗಳ ಅಗೆಯಲು ಎಷ್ಟು ಉದ್ದದ ಕೊಳವೆ ಬೇಕು ಎಂದು ಹೆಜ್ಜೆ ಹಾಕಿ ಅಳೆಯುತ್ತಿದ್ದುದನ್ನು ಲಾಂಡ್ರಿಯವನ ಹೆಂಡತಿ ನೋಡಿದಳು.

ಎರಡನೆಯ ಭಾನುವಾರ ವಾರ್ಡ್ ಎಂಜಿನಿಯರ್ ಬಂದರು. ಬೇಗ ಮುಗಿಸಿ ಹೋಗಬೇಕೆಂಬ ಮುಖ, ಕಂಕುಳಲ್ಲಿ ಫೈಲು. ಈ ಸಲ ಹೊಂಡದ ದಡದಲ್ಲಿ ನೂರು ಜನ. ಹೊಗೆಯಮ್ಮ ಕೊಳವೆ ತೋರಿಸಿದಳು, ರಾಶಿ ತೋರಿಸಿದಳು, ಎರಡೂ ಬದಿಯ ನೀರನ್ನು ಮೊಗೆದು ತೋರಿಸಿದಳು. ಎಂಜಿನಿಯರ್ ತಲೆಯಾಡಿಸಿದರು.

"ಪೈಪಿನ ವಿಷಯ ಸರಿ. ಆದ್ರೆ ಇಲ್ಲಿ ಬರ್ದಿರೋದು ಡೆಂಗಿ ಅಂತ. ನೂರಾ ನಲವತ್ತೆರಡು ಸಹಿ ಇದೆ. ಮಗುವಿಗೆ ಜ್ವರ ಬಂದದ್ದು ಸುಳ್ಳಾ?"

"ಸುಳ್ಳಲ್ಲ," ಎಂದು ಹಿಂದಿನಿಂದ ಒಂದು ದನಿ ಬಂತು.

ಭಾವ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದರು. ಎರಡು ಕೈಯಲ್ಲಿ ಎರಡು ಜಾಡಿ. ಅಕ್ಕ ಅವರ ತೋಳು ಹಿಡಿಯಲು ಹೋಗಿ ಬಿಟ್ಟಳು.

"ಅರ್ಜಿ ಬರೆದವನು ನಾನೇ," ಎಂದರು. ಮಾತು ನೆಟ್ಟಗಿತ್ತು. "ಅದರಲ್ಲಿ ತಪ್ಪಿದೆ. ಮೂವತ್ತೈದು ವರ್ಷ ತಪ್ಪು ಹುಡುಕಿ ಬದುಕಿದವನು. ಕಂಡ ಮೇಲೆ ತಿದ್ದದೆ ಬಿಡೋದು ನನ್ನ ಕೈಲಾಗಲ್ಲ. ಈ ಜಾಡಿಯ ಸೊಳ್ಳೆಗಳು ಹೊಂಡದ ಮೂಲೆಯವು. ಬಣ್ಣ ಕಂದು, ಕಾಲು ಸಾದಾ. ರಾತ್ರಿ ಕಿವಿ ಹತ್ರ ಹಾಡೋದು ಇವೇ. ಈ ಇನ್ನೊಂದರಲ್ಲಿರೋವು ಕಪ್ಪು, ಕಾಲಿಗೆ ಬಿಳಿ ಪಟ್ಟಿ. ಡೆಂಗಿ ತರೋದು ಇವು. ಇವು ಬೆಳೆದದ್ದು ನನ್ನ ಬಾಲ್ಕನಿಯ ಬಾಟಲಿಗಳಲ್ಲಿ."

ಭಾವ ಪಟ್ಟಿ ಕಾಲಿನ ಸೊಳ್ಳೆಗಳ ಜಾಡಿಯನ್ನು ಎಂಜಿನಿಯರ್ ಕೈಗೆ ಕೊಟ್ಟು, ಜೇಬಿನಿಂದ ಭೂತಗನ್ನಡಿ ತೆಗೆದು ಅದನ್ನೂ ಕೊಟ್ಟರು.

"ರೆಕ್ಕೆ ಬರೋ ಮೊದಲು ಇವು ಥೇಟ್ ಅಲ್ಪವಿರಾಮದ ಹಾಗಿರ್ತವೆ. ನೂರಾರು ಅಲ್ಪವಿರಾಮ ನನ್ನ ಕಣ್ಣೆದುರೇ ತೇಲ್ತಿದ್ವು, ನನಗೆ ಕಾಣಲಿಲ್ಲ. ನನ್ನ ನಾದಿನಿಗೆ ಮೊದಲ ದಿನವೇ ಕಂಡಿತ್ತು. ಕಳೆದ ಭಾನುವಾರ ನೀವೆಲ್ಲ ನಗ್ತಿದ್ದಾಗ್ಲೂ ಅವಳು ನನ್ನ ಹೆಸರು ಹೇಳಲಿಲ್ಲ. ನನ್ನ ಸಹಿ ವಾಪಸ್ ತಗೋತಿದ್ದೀನಿ."

ಹೊಗೆಯಮ್ಮ ಸೌಟು ಕೆಳಗಿಟ್ಟು ಭಾವನ ಕಡೆ ಹೆಜ್ಜೆ ಹಾಕಿದಳು. ಅಷ್ಟರಲ್ಲಿ ದಂತವೈದ್ಯೆ ಕೈಯೆತ್ತಿದರು.

"ನಮ್ಮ ಫ್ರಿಜ್ಜಿನ ತಟ್ಟೆಯಲ್ಲೂ ಇತ್ತು," ಎಂದರು. "ಜನರಿಗೆ ದಿನಕ್ಕೆರಡು ಸಲ ಹಲ್ಲು ತಿಕ್ಕಿ ಅಂತ ಹೇಳೋಳು ನಾನು. ಆ ತಟ್ಟೆ ತೊಳೆದು ಎರಡು ವರ್ಷ ಆಗಿತ್ತು."

ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಬಕೆಟ್ಟಿನವರು, ಆಟದ ದೋಣಿಯವರು. ಹನ್ನೊಂದು ಮನೆ ಇದ್ದದ್ದು ಹತ್ತು ನಿಮಿಷದಲ್ಲಿ ಹದಿನಾಲ್ಕಾಯಿತು. ಹೊಗೆಯಮ್ಮ ಇನ್ನೂ ಹೋಗಿರದ ಮೂರು ಮನೆಯವರು ತಾವಾಗಿಯೇ ನೋಡಿಕೊಂಡಿದ್ದರಂತೆ.

ಎಂಜಿನಿಯರ್ ಭೂತಗನ್ನಡಿ ಬಿಟ್ಟುಕೊಡಲು ಮನಸ್ಸಿಲ್ಲದವರ ಹಾಗೆ ಹಿಡಿದುಕೊಂಡೇ ಫೈಲಿನಲ್ಲಿ ಬರೆದರು: ಹೊಂಡ ಮುಚ್ಚುವ ಪ್ರಸ್ತಾಪ ಸದ್ಯಕ್ಕೆ ಕೈಬಿಡಲಾಗಿದೆ, ಲಾಂಡ್ರಿಯ ಕೊಳವೆಯನ್ನು ಒಳಚರಂಡಿಗೆ ಸೇರಿಸುವುದು, ಇಟ್ಟಿಗೆ ರಾಶಿ ತೆಗೆಸುವುದು. ಭಾವ ಪಕ್ಕದಿಂದ ಇಣುಕಿ, "ಪ್ರಸ್ತಾಪ ಅಲ್ಲ ಸಾರ್, ಪ್ರಸ್ತಾವ," ಎಂದರು. ಎಂಜಿನಿಯರ್ ತಿದ್ದಿಕೊಂಡರು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಕಾರು ನಿಲ್ಲಿಸಲು ಜಾಗ ಸಿಗಲಿಲ್ಲವೆಂದು ಮೊದಲ ಕಟ್ಟಡದ ಮೂರು ಮನೆಯವರು ಇಂದಿಗೂ ಹೊಗೆಯಮ್ಮನನ್ನು ಕಂಡರೆ ಮುಖ ತಿರುಗಿಸುತ್ತಾರೆ. ರಾತ್ರಿ ಕಚ್ಚುವ ಸೊಳ್ಳೆ ಪೂರ್ತಿ ಹೋಗಲೂ ಇಲ್ಲ. "ಸೊಳ್ಳೆಯೇ ಇಲ್ಲದ ಊರು ತೋರ್ಸಿ ಅಂದ್ರೆ ನನ್ನ ಕೈಲಾಗಲ್ಲ. ಅದನ್ನ ತಿನ್ನೋರೂ ಇರೋ ಊರು ಮಾಡೋಣ," ಎಂದು ಅವಳು ನೇರವಾಗಿಯೇ ಹೇಳಿದಳು. ಆದರೆ ಇಟ್ಟಿಗೆ ರಾಶಿಯನ್ನು ಒಂದು ಶನಿವಾರ ಬೆಳಿಗ್ಗೆ ನಲವತ್ತು ಜನ ಸೇರಿ ಎತ್ತಿದರು. ಲಾಂಡ್ರಿಯವನು ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋದ. ಕೊಳವೆ ಬದಲಾಗಿ ಆರು ವಾರಕ್ಕೆ ಮೂಲೆಯ ನೀರು ತಿಳಿಯಾಯಿತು. ಮಳೆಗಾಲ ಮುಗಿಯುವವರೆಗೂ ನಾಲ್ಕು ಕಟ್ಟಡಗಳಲ್ಲಿ ಮತ್ತೊಬ್ಬರಿಗೆ ಡೆಂಗಿ ಬರಲಿಲ್ಲ. ಮಗು ಮತ್ತೆ ಬಾಲ್ಕನಿಯಲ್ಲಿ ಕೂತು ಚಿತ್ರ ಬರೆಯುತ್ತದೆ. ಭಾವನ ಬಳ್ಳಿಗಳು ಈಗ ಮಣ್ಣಿನಲ್ಲಿವೆ. ಮಣ್ಣಿನಲ್ಲಿ ಅವು ಇನ್ನೂ ಚೆನ್ನಾಗಿ ಹಬ್ಬಿವೆ ಎಂದು ಅವರೇ ಒಪ್ಪುತ್ತಾರೆ.

ಅಕ್ಕ ಮಾತ್ರ ಒಂದು ತಿಂಗಳು ತಂಗಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಗಂಡನನ್ನು ನೂರು ಜನರ ಮುಂದೆ ನಿಲ್ಲಿಸಿದಳೆಂಬ ಸಿಟ್ಟು. "ನಾನು ನಿಲ್ಲಿಸಲಿಲ್ಲ ಅಕ್ಕ, ಅವರೇ ನಿಂತರು" ಎಂದರೆ, "ಜಾಡಿ ತಂದಿಟ್ಟೋಳು ಯಾರು?" ಎಂದು ಫೋನ್ ಇಡುತ್ತಿದ್ದಳು. ಇಟ್ಟವಳು ಹೊಗೆಯಮ್ಮನೇ.

ಚಳಿ ಶುರುವಾದ ಮೇಲೆ ಒಂದು ಭಾನುವಾರ, ಊರಿನ ಆ ಕಡೆಯ ಹಳೇ ಬಡಾವಣೆಯೊಂದರಲ್ಲಿ ಜನರಿಗೆ ತೋರಿಸುವ ಅವಳ ನಡಿಗೆ ಇತ್ತು. ಅಲ್ಲಿನವರ ದೂರು ಬಾವಲಿಗಳದ್ದು. ಹಳೆಯ ಚಿತ್ರಮಂದಿರದ ಗೋಡೆಯಿಂದ ಓಡಿಸಿಕೊಡಿ ಎಂದು ಕೇಳಿದ್ದರು. ಚಿತ್ರಮಂದಿರದ ಮೆಟ್ಟಿಲ ಮೇಲೆ ಮೂವತ್ತು ಜನ ಕೂತಿದ್ದರು. ಹೊಗೆಯಮ್ಮ ಚೀಲ ಇಳಿಸಿ ನೋಡಿದರೆ ಮೊದಲ ಮೆಟ್ಟಿಲಲ್ಲಿ ಅಕ್ಕ. ಎರಡು ಬಸ್ಸು ಬದಲಿಸಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದಳು. ಇಪ್ಪತ್ತನಾಲ್ಕು ವರ್ಷದಲ್ಲಿ ತಂಗಿಯ ಕೆಲಸ ನೋಡಲು ಅವಳು ಬಂದದ್ದು ಅದೇ ಮೊದಲು.

"ಭಾವ ಬರಲಿಲ್ವಾ?" ಎಂದು ಕೇಳಿದಳು ಹೊಗೆಯಮ್ಮ.

"ನಾನು ಬಂದ್ರೆ ಸಾಲದಾ? ಶುರು ಮಾಡು, ಜನ ಕಾಯ್ತಿದಾರೆ."

ಹೊಗೆಯಮ್ಮ ಶುರು ಮಾಡಿದಳು. ಎರಡು ಮಾತು ಆಡುವಷ್ಟರಲ್ಲಿ ಹಿಂದಿನಿಂದ ಒಬ್ಬರು, "ಅಲ್ಲಮ್ಮ, ಈ ಬಾವಲಿಗಳಿಂದ ನಮಗೇನು ಉಪಯೋಗ?" ಎಂದು ತಡೆದರು. ಹೊಗೆಯಮ್ಮ ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಅಕ್ಕ ಕೂತಲ್ಲಿಂದಲೇ ಹಿಂದೆ ತಿರುಗಿದಳು.

"ನಿಮ್ಮಿಂದ ಅವಕ್ಕೆ ಏನು ಉಪಯೋಗ ಅಂತ ಅವು ಕೇಳಿದಾವಾ? ಸ್ವಲ್ಪ ಸುಮ್ನಿರಿ. ಅವಳು ಹೇಳ್ತಾಳೆ, ಕೇಳಿ."